ಕಿವಿಯಿಂದಲೇ ಗಿಟಾರ್ ಕಲಿಯಬಹುದೇ? ಮೊದಲು ಬಾಯಿ ತೆರೆಯಿರಿ

ಪುಸ್ತಕ, ಟ್ಯಾಬ್ (ಯಾವ ತಂತಿಯನ್ನು ಎಲ್ಲಿ ಒತ್ತಬೇಕೆಂದು ಅಂಕಿಗಳಲ್ಲಿ ಬರೆದ ಹಾಳೆ) ಏನೂ ಇಲ್ಲದೆ ಗಿಟಾರ್ ನುಡಿಸುತ್ತೇನೆಂದು ತಿಳಿದವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. "ಬರೀ ಹಾಡು ಕೇಳಿ ಅದನ್ನು ತಂತಿಯ ಮೇಲೆ ಹೇಗೆ ಹಿಡಿಯುತ್ತೀರಿ? ಅದಕ್ಕೆ ಹುಟ್ಟಿನಿಂದಲೇ ಒಳ್ಳೆಯ ಕಿವಿ ಇರಬೇಕಲ್ಲವೇ?" ಹೌದು, ಅದು ದೈವದತ್ತ ಎಂದುಬಿಟ್ಟರೆ ಕೇಳಿದವರಿಗೂ ನೆಮ್ಮದಿ, ಅವರ ಮನೆಯ ಮೂಲೆಯಲ್ಲಿ ಧೂಳು ಹಿಡಿದಿರುವ ಗಿಟಾರಿಗೂ ನೆಮ್ಮದಿ. ನಾನು ಹಾಗೆ ಹೇಳುವುದಿಲ್ಲ. ನಿಮಗೆ ಇಷ್ಟವಾದ ಹಾಡಿನ ಮೊದಲ ಸಾಲನ್ನು ಒಮ್ಮೆ ಗುನುಗಿ ಎನ್ನುತ್ತೇನೆ.

ಹೆಚ್ಚಿನವರು ನಾಚುತ್ತಲೇ ಗುನುಗುತ್ತಾರೆ, ಸುಮಾರಾಗಿ ಸರಿಯಾಗಿಯೇ ಗುನುಗುತ್ತಾರೆ. ದನಿ ಇಂಪಾಗಿರಬೇಕಿಲ್ಲ. ಸ್ವರ ಏರಬೇಕಾದಲ್ಲಿ ಏರಿ, ಇಳಿಯಬೇಕಾದಲ್ಲಿ ಇಳಿದರೆ ಸಾಕು. ಅಷ್ಟು ಮಾಡಿದವರಿಗೆ ಕಿವಿ ಇದೆ ಎಂದೇ ಲೆಕ್ಕ. ಬೇರೆಯವರು ಅಪಸ್ವರದಲ್ಲಿ ಹಾಡಿದಾಗ ಮುಖ ಕಿವುಚಿಕೊಳ್ಳುವವರಿಗಂತೂ ಆ ವಿಷಯದಲ್ಲಿ ಅನುಮಾನವೇ ಬೇಡ. ಅವರಲ್ಲಿ ಇಲ್ಲದಿರುವುದು ಬಾಯಿಗೆ ಬಂದದ್ದನ್ನು ಬೆರಳಿಗೆ ದಾಟಿಸುವ ಅಭ್ಯಾಸ ಮಾತ್ರ. ಅದು ಕಲಿತು ಬರುವಂಥದ್ದು.

ಈ "ಹುಟ್ಟಿನಿಂದ ಬಂದ ಕಿವಿ" ಎಂಬ ಮಾತಿಗೂ ಒಂದು ಹಿನ್ನೆಲೆ ಇದೆ. ಯಾವುದೋ ಲೋಟ ಟಣ್ ಎಂದರೆ ಅದು ಇಂಥದೇ ಸ್ವರ ಎಂದು ಹೆಸರಿಟ್ಟು ಹೇಳಬಲ್ಲ ಕೆಲವರು ಇದ್ದಾರೆ, ಆದರೆ ತೀರಾ ವಿರಳ. ಒಳ್ಳೊಳ್ಳೆಯ ವಾದಕರಲ್ಲಿ ಬಹುಪಾಲು ಜನರಿಗೆ ಈ ಶಕ್ತಿ ಇರುವುದಿಲ್ಲ, ಅವರ ಕೆಲಸಕ್ಕೆ ಅದು ಬೇಕಾಗುವುದೂ ಇಲ್ಲ. ಅವರಿಗೆ ಇರುವುದು ಅಂತರದ ತಿಳಿವಳಿಕೆ: ಒಂದು ಸ್ವರವನ್ನು ಗೊತ್ತುಮಾಡಿಕೊಂಡರೆ ಮುಂದಿನದು ಅದರಿಂದ ಎಷ್ಟು ದೂರ ಎಂಬುದು ಕಿವಿಗೆ ಹೊಳೆಯುತ್ತದೆ. ನಮ್ಮ ಸಂಗೀತಗಾರರಿಗೆ ಇದು ಹೊಸದೇನಲ್ಲ. ಷಡ್ಜ ಯಾವ ಶ್ರುತಿಯಲ್ಲೇ ಇರಲಿ, ಪಂಚಮ ಅದರಿಂದ ಅಷ್ಟೇ ದೂರ. ಗಿಟಾರಿನಲ್ಲಾದರೆ ಆ ದೂರವನ್ನು ಕಣ್ಣಿನಿಂದಲೇ ಎಣಿಸಬಹುದು. ಏಳು ಫ್ರೆಟ್, ಎಂದರೆ ಗಿಟಾರಿನ ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಲ್ಲಿ ಏಳು.

ಈಗ ಕೈ ಹಾಕುವ ವಿಚಾರ. ಮೊದಲ ಕೆಲವು ವಾರ ನಾನು ಹೇಳುವುದು ಒಂದೇ ತಂತಿಯ ಮೇಲೆ ನುಡಿಸಿ ಎಂದು. ಆರು ತಂತಿಗಳಿರುವ ವಾದ್ಯದಲ್ಲಿ ಒಂದೇ ಏಕೆ ಎಂದು ಕೆಲವರು ಮೂಗು ಮುರಿಯುತ್ತಾರೆ. ಕಾರಣ ಸರಳ. ಒಂದೇ ತಂತಿಯ ಮೇಲೆ ಸ್ವರಗಳು ಸಾಲಾಗಿ ಕುಳಿತಿರುತ್ತವೆ, ಏರಿದರೆ ಕೈ ಬಲಕ್ಕೆ, ಇಳಿದರೆ ಎಡಕ್ಕೆ. ಹಾಡಿನ ಏರಿಳಿತವೇ ಕೈಯ ಓಡಾಟವಾಗುತ್ತದೆ. ಎರಡನೆಯ ತಂತಿಗೆ ಹಾರಿದ ಕೂಡಲೇ ಈ ಸಂಬಂಧ ಮಸುಕಾಗುತ್ತದೆ. ಗಿಟಾರಿನಲ್ಲಿ ಒಂದೇ ಸ್ವರ ಹಲವು ಕಡೆ ಸಿಗುವುದರಿಂದ ಗೊಂದಲ ಇನ್ನೂ ಹೆಚ್ಚು. ಅತಿ ತೆಳುವಾದ ಮೊದಲ ತಂತಿಯನ್ನು ಒತ್ತದೆ ಮೀಟಿದರೆ ಬರುವ, ಪಾಶ್ಚಾತ್ಯರು ಇ (E) ಎನ್ನುವ ಸ್ವರವನ್ನೇ ನೋಡಿ. ಅದೇ ಸ್ವರ, ಅದೇ ಸ್ಥಾಯಿಯಲ್ಲಿ, ಎರಡನೆಯ ತಂತಿಯ 5ನೇ ಫ್ರೆಟ್‌ನಲ್ಲೂ ಇದೆ, ಮೂರನೆಯದರ 9ನೇ ಫ್ರೆಟ್‌ನಲ್ಲೂ ಇದೆ, ನಾಲ್ಕನೆಯದರ 14ನೇ ಫ್ರೆಟ್‌ನಲ್ಲೂ ಇದೆ. ಪಿಯಾನೊ ಕಲಿಯುವವರಿಗೆ ಈ ತಲೆನೋವಿಲ್ಲ, ಅಲ್ಲಿ ಒಂದು ಸ್ವರಕ್ಕೆ ಒಂದೇ ಮನೆ.

ಒಂದು ಸಾಲನ್ನು ಹಿಡಿಯುವ ಕ್ರಮ ಹೀಗಿರುತ್ತದೆ. ಹಾಡಿನ ಮೊದಲ ನಾಲ್ಕೈದು ಸ್ವರಗಳಷ್ಟನ್ನು ಕೇಳಿ ನಿಲ್ಲಿಸಿ. ಗಿಟಾರನ್ನು ಮುಟ್ಟಬೇಡಿ. ಅಷ್ಟನ್ನೇ ಬಾಯಲ್ಲಿ ಹೇಳಿ, ಮತ್ತೆ ಹೇಳಿ. ಕೊನೆಯ ಸ್ವರವನ್ನು "ಊಂ" ಎಂದು ಎಳೆದು ಹಿಡಿದುಕೊಳ್ಳಿ. ಆ ಊಂಕಾರ ನಿಲ್ಲದಂತೆ ನೋಡಿಕೊಂಡು, ತಂತಿಯ ಮೇಲೆ ಎಲ್ಲೋ ಒಂದು ಕಡೆ ಒತ್ತಿ ಮೀಟಿ. ತಂತಿ ನಿಮ್ಮ ದನಿಗಿಂತ ಮೇಲಿದೆಯೇ, ಕೆಳಗಿದೆಯೇ? ಇಷ್ಟೇ ಪ್ರಶ್ನೆ. ಕೆಳಗಿದ್ದರೆ ಒಂದೊಂದೇ ಫ್ರೆಟ್ ಬಲಕ್ಕೆ ಸರಿಯಿರಿ. ಹತ್ತಿರ ಬಂದಂತೆ ದನಿಗೂ ತಂತಿಗೂ ಒಂದು ತಿಕ್ಕಾಟ ಕೇಳಿಸುತ್ತದೆ, ಒಂದು ಫ್ರೆಟ್ ಅಂತರದಲ್ಲಂತೂ ಅದು ಸಾಕಷ್ಟು ಕರ್ಕಶ. ಮುಂದಿನ ಫ್ರೆಟ್‌ಗೆ ಬಂದಾಗ ತಿಕ್ಕಾಟ ಕರಗಿ ಎರಡೂ ಒಂದರೊಳಗೊಂದು ಸೇರಿಹೋಗುತ್ತವೆ. ಆ ಕ್ಷಣ ಯಾರೂ ಹೇಳಿಕೊಡಬೇಕಾಗಿಲ್ಲ, ಎದೆಗೆ ಒತ್ತಿಕೊಂಡ ಗಿಟಾರಿನ ಮರವೇ ಹೇಳುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಗಂಡಸರು ಹೆಣ್ಣುದನಿಯ ಹಾಡನ್ನು ಗುನುಗುವಾಗ ತಮಗೆ ತಿಳಿಯದೆಯೇ ಒಂದು ಸ್ಥಾಯಿ ಕೆಳಗಿಳಿದಿರುತ್ತಾರೆ. ಗಿಟಾರಿನಲ್ಲಿ ಸ್ವರ ಸಿಕ್ಕಿದರೂ "ಏಕೋ ಹಾಡಿನಂತೆ ಕೇಳುವುದಿಲ್ಲ" ಎಂದು ಕೈಬಿಡುತ್ತಾರೆ. ಸ್ವರ ತಪ್ಪಿಲ್ಲ, ಸ್ಥಾಯಿ ಬೇರೆ. ಅದೇ ತಂತಿಯಲ್ಲಿ 12 ಫ್ರೆಟ್ ಮೇಲೆ ಹೋದರೆ ಅಲ್ಲಿ ಕಾದಿರುತ್ತದೆ.

ಸಂಗೀತದ ಮೊದಲ ಪಾಠಗಳನ್ನು ಚಿಕ್ಕಂದಿನಲ್ಲಿ ಕಲಿತು ಬಿಟ್ಟವರಿಗೆ ಇದು ಬೇಗ ಕೈಗೂಡುತ್ತದೆ. ಸರಳೆ ವರಸೆಯ ಮಾಯಾಮಾಳವಗೌಳ ಒಂದೇ ತಂತಿಯ ಮೇಲೆ 0 (ಎಂದರೆ ಒತ್ತದ ತಂತಿ), 1, 4, 5, 7, 8, 11, 12ನೇ ಫ್ರೆಟ್‌ಗಳಲ್ಲಿದೆ. ಶಂಕರಾಭರಣ 0, 2, 4, 5, 7, 9, 11, 12. ಪಾಶ್ಚಾತ್ಯರು ಮೇಜರ್ ಸ್ಕೇಲ್ ಎನ್ನುವುದು ಈ ಎರಡನೆಯ ಸಾಲನ್ನೇ. ಗಮಕವಿಲ್ಲದ ಬೋಳು ಸ್ವರಗಳ ಮಾತಷ್ಟೇ ಇದು. ಗಿಟಾರಿನಲ್ಲಿ ಗಮಕ ಬೇಕೆಂದರೆ ತಂತಿಯನ್ನು ಎಳೆಯಬೇಕು ಇಲ್ಲವೇ ಬೆರಳನ್ನು ಜಾರಿಸಬೇಕು, ಅದು ಬೇರೆಯೇ ಸಾಧನೆ.

ಶ್ರುತಿ ಮಾಡುವುದನ್ನೂ ವಾರಕ್ಕೊಮ್ಮೆಯಾದರೂ ಆ್ಯಪ್ ಇಲ್ಲದೆ ಮಾಡಿ ಎಂದು ನಾನು ಹಟ ಹಿಡಿಯುತ್ತೇನೆ. ಕಿವಿಗೆ ಇದಕ್ಕಿಂತ ಅಗ್ಗದ ವ್ಯಾಯಾಮ ಇಲ್ಲ. ಆರನೆಯ ತಂತಿಯ 5ನೇ ಫ್ರೆಟ್ ಮತ್ತು ಒತ್ತದ ಐದನೆಯ ತಂತಿ ಒಂದೇ ಸ್ವರ, ಸೆಕೆಂಡಿಗೆ 110 ಕಂಪನಗಳ ಎ. ಎರಡನ್ನೂ ಒಟ್ಟಿಗೆ ಮೀಟಿ. ಒಂದು 110, ಇನ್ನೊಂದು 108 ಇದ್ದರೆ ನಾದ ಸೆಕೆಂಡಿಗೆ ಎರಡು ಬಾರಿ ಉಬ್ಬಿ ತಗ್ಗುತ್ತದೆ, ವಾಂವ್ ವಾಂವ್ ಎಂದು. ಬಿರಡೆಯನ್ನು ಮೆಲ್ಲಗೆ ತಿರುಗಿಸಿದಂತೆ ಆ ಅಲೆ ನಿಧಾನವಾಗುತ್ತಾ ಹೋಗಿ ಕೊನೆಗೆ ನಿಂತುಬಿಡುತ್ತದೆ. ಮೂರನೆಯ ಮತ್ತು ಎರಡನೆಯ ತಂತಿಗಳ ನಡುವೆ ಮಾತ್ರ 5ರ ಬದಲು 4ನೇ ಫ್ರೆಟ್. ಆ್ಯಪ್‌ನಲ್ಲಿ ಹಸಿರು ದೀಪ ನೋಡುವವರಿಗೆ ಈ ಅಲೆ ಎಂದೂ ಕೇಳಿಸುವುದಿಲ್ಲ, ಏಕೆಂದರೆ ಅವರು ಕಣ್ಣನ್ನು ಕೆಲಸಕ್ಕೆ ಹಚ್ಚಿರುತ್ತಾರೆ.

ಇಷ್ಟಾದ ಮೇಲೆ ಎಲ್ಲರೂ ಮುಗ್ಗರಿಸುವುದು ಕಾರ್ಡ್‌ಗಳ ಬಳಿ. "ರಾಗ ಸಿಕ್ಕಿತು, ಕಾರ್ಡ್ ಸಿಗುತ್ತಿಲ್ಲ." ಮೂರು ನಾಲ್ಕು ಸ್ವರಗಳು ಒಟ್ಟಿಗೆ ಬಂದಾಗ ಯಾವುದನ್ನು ಕೇಳುವುದು? ತಳದ ಸ್ವರವನ್ನು ಕೇಳಿ. ಬೇಸ್ ಗಿಟಾರ್ ಏನು ಹೇಳುತ್ತಿದೆಯೋ ಅದನ್ನು ಗುನುಗಿ, ಮತ್ತೆ ಅದೇ ಹಳೆಯ ಕೆಲಸ: ಗುನುಗು, ಹುಡುಕು. ಕಾರ್ಡ್‌ನ ಹೆಸರು ಬಹುಪಾಲು ಆ ಸ್ವರದ ಹೆಸರೇ ಆಗಿರುತ್ತದೆ.

ಇದನ್ನು ಮೊಬೈಲಿನ ಸ್ಪೀಕರಿನಲ್ಲಿ ಮಾಡಲು ಹೋಗಬೇಡಿ. ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸುತ್ತದೆ, ಬೇಸ್ ಗಿಟಾರಿನ ದಪ್ಪ ತಂತಿ ಅದರ ಅರ್ಧ, ಸುಮಾರು 41. ಉಗುರಿನಗಲದ ಸ್ಪೀಕರ್ ಅಷ್ಟು ತಗ್ಗಿನ ನಾದವನ್ನು ಹೊರಡಿಸಲಾರದು. ಅದು ಕೊಡುವುದು ಆ ಸ್ವರದ ಮೇಲಿನ ಉಪಸ್ವರಗಳನ್ನು ಮಾತ್ರ. ಮೂಲ ಸ್ವರವನ್ನು ಮಿದುಳು ತಾನೇ ಊಹಿಸಿ ತುಂಬಿಕೊಳ್ಳುತ್ತದೆ. ಹಾಡು ಕೇಳಿ ಖುಷಿಪಡಲು ಆ ಊಹೆ ಸಾಕು, ಹುಡುಕಾಟಕ್ಕೆ ಸಾಲದು. ಸಾಧಾರಣ ಹೆಡ್‌ಫೋನ್ ಹಾಕಿಕೊಂಡರೂ ಬೇಸ್ ಎದ್ದು ಬರುತ್ತದೆ. ಕಾರ್ಡ್ ಗೊತ್ತಾಗುವುದಿಲ್ಲ ಎನ್ನುವವರಿಗೆ ನಾನು ಹೇಳುವ ಮೊದಲ ಮದ್ದು ಇದು, ಮುಕ್ಕಾಲು ಪಾಲು ದೂರುಗಳು ಇಲ್ಲಿಗೇ ನಿಲ್ಲುತ್ತವೆ.

ತಳದ ಸ್ವರ ಸಿಕ್ಕ ಮೇಲೆ ಉಳಿಯುವ ಪ್ರಶ್ನೆ ಮೇಜರೋ ಮೈನರೋ ಎಂಬುದು. "ಮೇಜರ್ ಎಂದರೆ ಸಂತೋಷ, ಮೈನರ್ ಎಂದರೆ ದುಃಖ" ಎಂದು ಹೇಳಿಕೊಡುವವರಿದ್ದಾರೆ. ನನಗೆ ಆ ಸೂತ್ರದಲ್ಲಿ ನಂಬಿಕೆಯಿಲ್ಲ, ಕುಣಿಸುವ ಮೈನರ್ ಹಾಡುಗಳು ಬೇಕಾದಷ್ಟಿವೆ. ನುಡಿಸಿಯೇ ನೋಡಿ. ಇ ಮೇಜರ್ ಹಿಡಿದು, ಮೂರನೆಯ ತಂತಿಯ 1ನೇ ಫ್ರೆಟ್‌ನ ಮೇಲಿರುವ ಬೆರಳನ್ನು ಎತ್ತಿಬಿಟ್ಟರೆ ಅದು ಇ ಮೈನರ್. ಒಂದು ಬೆರಳು, ಒಂದು ಫ್ರೆಟ್. ನಮ್ಮ ಭಾಷೆಯಲ್ಲಿ ಅಂತರ ಗಾಂಧಾರ ಸಾಧಾರಣ ಗಾಂಧಾರವಾಯಿತು, ಅಷ್ಟೇ. ಬೆರಳನ್ನು ಇಟ್ಟು, ಎತ್ತಿ, ಇಟ್ಟು, ಎತ್ತಿ, ಆ ಗಾಂಧಾರವನ್ನಷ್ಟೇ ಜೊತೆಗೆ ಹಾಡುತ್ತಾ ಹೋದರೆ ವ್ಯತ್ಯಾಸ ಕಿವಿಯಲ್ಲಿ ನಾಟುತ್ತದೆ.

ಇನ್ನೊಂದು ಸಮಾಧಾನವೂ ಇದೆ. ಒಂದು ಹಾಡಿನಲ್ಲಿ ಯಾವ ಕಾರ್ಡ್ ಬೇಕಾದರೂ ಬರುವುದಿಲ್ಲ. ಹಾಡು ಎಲ್ಲಿ ಬಂದು ಕುಳಿತುಕೊಳ್ಳುತ್ತದೆ ಎಂದು ಗಮನಿಸಿ, ಆ ನೆಲೆ ಜಿ ಮೇಜರ್ ಎಂದಾದರೆ ಜಿ, ಸಿ, ಡಿ, ಇ ಮೈನರ್ ಈ ನಾಲ್ಕರಲ್ಲೇ ಎಷ್ಟೋ ಜನಪ್ರಿಯ ಹಾಡುಗಳು ಮುಗಿದುಹೋಗುತ್ತವೆ. ಜಿ ಮತ್ತು ಇ ಮೈನರ್ ನಡುವೆ ಕಿವಿ ಎಡವುವುದು ಸಹಜ, ಎರಡಕ್ಕೂ ಜಿ, ಬಿ ಎಂಬ ಎರಡು ಸ್ವರಗಳು ಸಮಾನ. ಅಲ್ಲಿ ತೀರ್ಪು ಕೊಡುವುದು ಮತ್ತೆ ತಳದ ಸ್ವರವೇ. ಹಾಗೆಂದು ತಳದ ಸ್ವರ ಎಂದೂ ಮೋಸ ಮಾಡುವುದಿಲ್ಲ ಎನ್ನುವಂತಿಲ್ಲ. ಜಿಯಿಂದ ಇ ಮೈನರ್‌ಗೆ ಇಳಿಯುವಾಗ ನಡುವೆ ಎಫ್ ಶಾರ್ಪ್ ಕೇಳಿಸುವುದುಂಟು, ಆರನೆಯ ತಂತಿಯ ಮೇಲೆ 3, 2, 0 ಎಂದು ಮೆಟ್ಟಿಲಿಳಿದಂತೆ. ಹೊಸಬರು ಎಫ್ ಶಾರ್ಪ್ ಎಂಬ ಕಾರ್ಡ್ ಹುಡುಕುತ್ತಾ ಕೂರುತ್ತಾರೆ. ಅಲ್ಲಿ ಸಾಮಾನ್ಯವಾಗಿ ಇರುವುದು ಡಿ ಮೇಜರ್, ತನ್ನದೇ ಗಾಂಧಾರವನ್ನು ತಳದಲ್ಲಿಟ್ಟುಕೊಂಡ ಡಿ. ಬೇಸ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿದ್ದರೆ ಹೆಸರನ್ನು ನಂಬುವ ಮೊದಲು ಎರಡನ್ನೂ ನುಡಿಸಿ ನೋಡಬೇಕು.

ಎಲ್ಲ ಸರಿಯಾಗಿದ್ದೂ ಯಾವ ಕಾರ್ಡೂ ಹೊಂದದಿದ್ದರೆ, ಧ್ವನಿಮುದ್ರಣದಲ್ಲಿ ಗಿಟಾರಿಗೆ ಕೇಪೊ (ಎಲ್ಲ ತಂತಿಗಳನ್ನೂ ಒಂದೇ ಫ್ರೆಟ್‌ನಲ್ಲಿ ಒತ್ತಿಹಿಡಿಯುವ ಹಿಡಿಕೆ) ಹಾಕಿರಬಹುದು ಅಥವಾ ಎಲ್ಲ ತಂತಿಗಳನ್ನೂ ಅರ್ಧ ಸ್ವರ ಇಳಿಸಿರಬಹುದು. ಒತ್ತದ ತಂತಿಯ ತುಂಬು ನಾದ ಕೇಳಿಸುತ್ತಿದ್ದೂ ನಿಮ್ಮ ಬೆರಳು ಒತ್ತಲೇಬೇಕಾಗಿ ಬಂದರೆ ಅನುಮಾನ ಇನ್ನೂ ಬಲವಾಗುತ್ತದೆ.

ವೇಗದ ಸಾಲುಗಳನ್ನು ನಿಧಾನಿಸಿ ಕೇಳುವುದು ಕಳ್ಳದಾರಿಯಲ್ಲವೇ ಎಂದು ಕೆಲವರಿಗೆ ಸಂಕೋಚ. ಗ್ರಾಮಫೋನ್ ಕಾಲದವರೂ ಅದನ್ನೇ ಮಾಡುತ್ತಿದ್ದರು. ನಿಮಿಷಕ್ಕೆ 33⅓ ಸುತ್ತಿನ ತಟ್ಟೆಯನ್ನು ಅರ್ಧ ವೇಗದಲ್ಲಿ ತಿರುಗಿಸಿದರೆ ಹಾಡು ನಿಧಾನವಾಗುತ್ತಿತ್ತು, ಜೊತೆಗೆ ಸರಿಯಾಗಿ ಒಂದು ಸ್ಥಾಯಿ ಕೆಳಗಿಳಿಯುತ್ತಿತ್ತು. ಸ್ವರದ ಹೆಸರು ಬದಲಾಗದ ಕಾರಣ ಕೆಲಸ ನಡೆಯುತ್ತಿತ್ತು. ಈಗಿನ ತಂತ್ರಾಂಶಗಳು ಸ್ಥಾಯಿಯನ್ನೂ ಉಳಿಸಿ ವೇಗವನ್ನಷ್ಟೇ ತಗ್ಗಿಸುತ್ತವೆ. ಧಾರಾಳವಾಗಿ ಬಳಸಿ. ಆದರೆ ನಿಧಾನಿಸಿ ಕೇಳಿದ್ದನ್ನೂ ಹಾಡಿದ ಮೇಲೆಯೇ ನುಡಿಸಿ.

ವಯಸ್ಸಿನ ಪ್ರಶ್ನೆಯೂ ಬರುತ್ತದೆ. ಅಮೆರಿಕದ ಜಾಝ್ ಗಿಟಾರ್ ವಾದಕ ವೆಸ್ ಮಾಂಟ್‌ಗೊಮರಿ (1923–1968) ಆರು ತಂತಿಯ ಗಿಟಾರನ್ನು ಗಂಭೀರವಾಗಿ ಹಿಡಿದದ್ದು ಇಪ್ಪತ್ತರ ಆಸುಪಾಸಿನಲ್ಲಿ, ಇನ್ನೊಬ್ಬ ಜಾಝ್ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ಅವರ ರೆಕಾರ್ಡ್‌ಗಳನ್ನು ಕೇಳಿ ಮನಸೋತು. ಅವರ ಸೋಲೊಗಳನ್ನು ಸ್ವರ ಸ್ವರವಾಗಿ ಕಿವಿಯಿಂದಲೇ ಇಳಿಸಿಕೊಂಡರು. ಮಾಂಟ್‌ಗೊಮರಿಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ. 1928ರ ಬೆಂಕಿ ಅವಘಡದಲ್ಲಿ ಎಡಗೈಯ ಎರಡು ಬೆರಳುಗಳ ಬಲ ಕಳೆದುಕೊಂಡ ಜಾಝ್ ಗಿಟಾರ್ ವಾದಕ ಜಾಂಗೊ ರೈನ್‌ಹಾರ್ಟ್ ಅವರಿಗೂ ಬರುತ್ತಿರಲಿಲ್ಲ. ಇವರ ಹೆಸರು ಹೇಳಿ ಸ್ವರಲಿಪಿ ಕಲಿಯುವುದೇ ದಂಡ ಎನ್ನುವವರ ಗುಂಪಿಗೆ ಮಾತ್ರ ನಾನು ಸೇರುವುದಿಲ್ಲ. ಓದಲು ಬಂದರೆ ಒಳ್ಳೆಯದೇ, ವಾದ್ಯವೃಂದದಲ್ಲಿ ಕೂರಬೇಕಾದವರಿಗೆ ಅದು ಬೇಕೇ ಬೇಕು.

ಹಾಗಾದರೆ ಟ್ಯಾಬ್ ನೋಡಲೇಬಾರದೇ? ನೋಡಿ, ಹುಡುಕಿ ಮುಗಿಸಿದ ಮೇಲೆ. ಅಂತರ್ಜಾಲದಲ್ಲಿ ಸಿಗುವ ಟ್ಯಾಬ್‌ಗಳಲ್ಲಿ ಬಹಳಷ್ಟನ್ನು ಬರೆದವರು ನಿಮ್ಮಂತೆಯೇ ಕಿವಿಗೊಟ್ಟು ಕೇಳಿ ಬರೆದವರು, ತಪ್ಪುಗಳೂ ಅದರಲ್ಲಿ ಇರುತ್ತವೆ. ನಿಮಗೆ ಸಿಕ್ಕ ಸ್ವರ ಒಂದು, ಅಲ್ಲಿರುವುದು ಇನ್ನೊಂದು ಎಂದಾದರೆ ಮತ್ತೆ ಹಾಡಿನ ಬಳಿಗೇ ಹೋಗಿ ಎರಡನ್ನೂ ಒರೆಗೆ ಹಚ್ಚಿ. ಸ್ವರ ಸರಿಯಿದ್ದು ಜಾಗ ಮಾತ್ರ ಬೇರೆ ಎಂದಾದರೆ ಯಾವುದು ಕೈಗೆ ಸುಲಭವೋ ಅದನ್ನು ಇಟ್ಟುಕೊಳ್ಳಿ.

ಯಾವ ಹಾಡಿನಿಂದ ಶುರುಮಾಡಬೇಕು ಎನ್ನುವವರು ಹೊಸ ಹಾಡನ್ನು ಆರಿಸಿಕೊಳ್ಳದಿದ್ದರೆ ಸಾಕು. ನಿದ್ದೆಗಣ್ಣಿನಲ್ಲೂ ಗುನುಗುವಷ್ಟು ಪರಿಚಿತವಾದದ್ದು ಇರಲಿ, ನಿಧಾನದ್ದು, ಒಂದು ದನಿ ಮತ್ತು ಒಂದೋ ಎರಡೋ ವಾದ್ಯ ಇರುವಂಥದ್ದು. ಪಲ್ಲವಿಯಷ್ಟೇ ಮೊದಲು. ಚರಣದಲ್ಲಿ ಎಷ್ಟೋ ಹಾಡುಗಳು ಬೇರೆ ಕಾರ್ಡ್‌ಗಳತ್ತ ಹೊರಳುತ್ತವೆ, ಅದಕ್ಕೆ ಮುಂದಿನ ವಾರ ಕೈ ಹಾಕಿದರಾಯಿತು.