ಅಕ್ಟೋಬರ್ 31ರ ಲೆಕ್ಕ: ಜರ್ಮನಿಯಲ್ಲಿ ಒಪೆರಾ ಹಾಡಿ ಬದುಕುವುದು

ಜರ್ಮನಿಯಲ್ಲಿ ಒಪೆರಾ ಕೆಲಸ ಹುಡುಕುವವರು ಬೇಸಿಗೆಗೆ ಟಿಕೆಟ್ ಮಾಡಿಸಿದರೆ ದುಡ್ಡು ದಂಡ. ಜುಲೈ ಕೊನೆಯಿಂದ ಆಗಸ್ಟ್‌ವರೆಗೆ ಬಹುಪಾಲು ಥಿಯೇಟರುಗಳಿಗೆ ಬೀಗ. ನೆನಪಿಡಬೇಕಾದ ತಾರೀಖು ಅಕ್ಟೋಬರ್ 31.

ಸರ್ಕಾರದ ಹಣದಲ್ಲಿ ನಡೆಯುವ ಒಪೆರಾ ಮನೆಗಳು ಅಲ್ಲಿ ಸುಮಾರು 80 ಇವೆ. ಕೊರಿಯಾ, ಜಪಾನ್, ಅಮೆರಿಕದ ಗಾಯಕರು ಅಷ್ಟು ದೂರದಿಂದ ಬಂದು ಸಾಲು ನಿಲ್ಲುವುದು ಇದಕ್ಕೇ, ಹಾಡಿದರೆ ತಿಂಗಳ ಸಂಬಳ ಬರುತ್ತದೆ. ಇದಕ್ಕೆ ‘ಫೆಸ್ಟ್’ ನೌಕರಿ ಅನ್ನುತ್ತಾರೆ. ಹೆಸರಿಗೆ ಕಾಯಂ, ಕರಾರು ಮಾತ್ರ ಒಂದೋ ಎರಡೋ ಸೀಸನ್ನಿಗೆ. ‘ಎನ್‌ವಿ ಬ್ಯೂನೆ’ ಎಂಬ ಸಾಮೂಹಿಕ ಒಪ್ಪಂದದ ಪ್ರಕಾರ, ‘ಮುಂದಿನ ಸೀಸನ್ನಿಗೆ ಬೇಡ’ ಎಂದು ಥಿಯೇಟರು ಅಕ್ಟೋಬರ್ 31ರೊಳಗೆ ತಿಳಿಸದಿದ್ದರೆ ಕರಾರು ತಾನಾಗಿ ಒಂದು ವರ್ಷ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಯಾವ ಮನೆಯಲ್ಲಿ ಯಾವ ಜಾಗ ಖಾಲಿ ಅನ್ನುವುದು ಸ್ಪಷ್ಟವಾಗುವುದೇ ನವೆಂಬರಿನಲ್ಲಿ. ಅಲ್ಲಿಂದ ಫೆಬ್ರುವರಿಯವರೆಗೆ ಆಡಿಷನ್ನುಗಳ ಸುಗ್ಗಿ. ಗಂಟಲಿಗೆ ಅದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ, ಏನು ಮಾಡುವುದು.

ಬಾಗಿಲು ತೆರೆಸಲು ಏಜೆಂಟ್ ಬೇಕು. ಖಾಸಗಿಯವರು ಸಂಬಳದಲ್ಲಿ ಪಾಲು ಹಿಡಿಯುತ್ತಾರೆ. ಸರ್ಕಾರಿ ಉದ್ಯೋಗ ಇಲಾಖೆಯ ‘ಜೆಡ್‌ಎವಿ’ ಎಂಬ ಕಲಾವಿದರ ವಿಭಾಗ ಏನೂ ಕೇಳುವುದಿಲ್ಲ, ಮೊದಲು ಅವರೆದುರು ಹಾಡಿ ಪಟ್ಟಿಗೆ ಸೇರಬೇಕು ಅಷ್ಟೆ.

ಆಡಿಷನ್ನಿಗೆ ಐದು ಏರಿಯಾ, ಅಂದರೆ ಒಪೆರಾದಲ್ಲಿ ಒಬ್ಬರೇ ಹಾಡುವ ಹಾಡು, ಸಿದ್ಧವಿರಲಿ. ಮೂರು ಭಾಷೆಯಾದರೂ ಬೇಕು, ಒಂದು ಜರ್ಮನ್ ಆಗಿರಲೇಬೇಕು, ಒಂದು ಮೊಟ್ಸಾರ್ಟ್‌ನದು ಇರಲಿ. ಮೊದಲನೆಯದು ನಿಮ್ಮ ಆಯ್ಕೆ, ಎರಡನೆಯದು ಕೆಳಗೆ ಕತ್ತಲಲ್ಲಿ ಕೂತವರದು. ಮೂರನೆಯದರ ತನಕ ಹೋಗುವುದು ಅಪರೂಪ. ಒಂದಕ್ಕೇ ‘ಡಾಂಕೆ’ (ಧನ್ಯವಾದ) ಅಂದರೆ ಹೊರಡಿ ಅಂತ ಅರ್ಥ. ಪಿಯಾನೋಗೆ ಕೂರುವವರು ಥಿಯೇಟರಿನವರೇ, ನಿಮ್ಮನ್ನು ನೋಡುತ್ತಿರುವುದು ಅದೇ ಮೊದಲು. ಅವರ ಕೈಗೆ ಕೊಡುವ ಸ್ವರಲಿಪಿಯ ಹಾಳೆಯಲ್ಲೇ ಅರ್ಧ ಕೆಲಸ ಕೆಡುತ್ತದೆ: ಜೆರಾಕ್ಸ್‌ನಲ್ಲಿ ಕೆಳಗಿನ ಸಾಲು ಕತ್ತರಿಸಿ ಹೋಗಿ ಎಡಗೈಗೆ ನುಡಿಸಲು ಸ್ವರವೇ ಇರುವುದಿಲ್ಲ, ಹೊಳೆಯುವ ಪ್ಲಾಸ್ಟಿಕ್ ಕವರಿನ ಮೇಲೆ ದೀಪ ಬಿದ್ದು ಪುಟ ಬೆಳ್ಳಗಾಗುತ್ತದೆ, ಬಿಟ್ಟು ಹಾಡುವ ಭಾಗ ಪೆನ್ಸಿಲಿನಲ್ಲಿ ಮಸುಕಾಗಿರುತ್ತದೆ. ಎರಡೂ ಬದಿ ಪ್ರಿಂಟ್ ಮಾಡಿ, ಸಲೀಸಾಗಿ ತಿರುಗುವ ರಿಂಗ್ ಫೈಲಿಗೆ ಹಾಕಿ. ಲಯ ತೋರಿಸಲು ಅವರ ಮುಂದೆ ಚಿಟಿಕೆ ಹೊಡೆಯಬೇಡಿ, ಬೇಸರ ಮಾಡಿಕೊಳ್ಳುತ್ತಾರೆ. ಮೊದಲ ಸಾಲನ್ನು ಮೆಲ್ಲಗೆ ಗುನುಗಿದರೆ ಸಾಕು. ಅಂದಹಾಗೆ, ಅಲ್ಲಿನ ವಾದ್ಯಗಳ ಶ್ರುತಿ ಸಾಮಾನ್ಯವಾಗಿ 443 ಹರ್ಟ್ಸ್. ಮನೆಯ 440ರ ಕೀಬೋರ್ಡಿಗಿಂತ ಅರ್ಧಸ್ವರದ ಎಂಟನೇ ಒಂದು ಪಾಲು ಮೇಲೆ. ಕಿವಿಗೆ ತಿಳಿಯದಿದ್ದರೂ ತಾರದಲ್ಲಿ ನಿಂತಾಗ ಗಂಟಲಿಗೆ ತಿಳಿಯುತ್ತದೆ.

ಇನ್ನು ‘ಫಾಖ್’. ಯಾವ ಕಂಠಕ್ಕೆ ಯಾವ ಪಾತ್ರ ಎಂಬ ವರ್ಗೀಕರಣ ಇದು, ಕರಾರಿನಲ್ಲೂ ಬರೆದಿರುತ್ತದೆ. ಹಾಡಬಲ್ಲ ಪಾತ್ರಗಳ ಪಟ್ಟಿಯಲ್ಲಿ ಮೊಟ್ಸಾರ್ಟ್‌ನ ‘ಮ್ಯಾಜಿಕ್ ಫ್ಲೂಟ್’ನ ಹಗುರ ದನಿಯ ಪಮೀನಾ ಪಕ್ಕದಲ್ಲೇ ಭಾರದ ದನಿಯ ಟುರಾಂಡೊ ಕಂಡರೆ ಈ ಗಾಯಕಿಗೆ ತನ್ನ ದನಿ ಯಾವುದೆಂದೇ ಗೊತ್ತಿಲ್ಲ ಎಂದು ಕೇಳುವ ಮೊದಲೇ ತೀರ್ಮಾನವಾಗುತ್ತದೆ. ಸಣ್ಣ ಊರಿನ ಥಿಯೇಟರುಗಳಲ್ಲಿ ಒಬ್ಬರೇ ಒಂದು ಸೀಸನ್ನಿಗೆ ಐದಾರು ಪಾತ್ರ ಹೊರಬೇಕು. ಹಗುರ ದನಿಯವರಿಗೂ ಬಟರ್‌ಫ್ಲೈಯಂಥ ಭಾರದ ಪಾತ್ರ ಬಂದು ಬೀಳುತ್ತದೆ. ಫಾಖ್‌ಗೆ ಹೊರತಾದದ್ದನ್ನು ಬೇಡ ಅನ್ನುವ ಹಕ್ಕು ಕಾಗದದಲ್ಲಿದೆ, ಎರಡನೇ ಸಲ ಬಳಸುವವರು ಕಡಿಮೆ.

ಕನ್ನಡದ ನಾಲಿಗೆಗೆ ಜರ್ಮನ್ ಎಲ್ಲಿ ಎಡವಿಸುತ್ತದೆ ಎಂದರೆ ಪದದ ಕೊನೆಯಲ್ಲಿ. ಬಸ್ ಅನ್ನು ‘ಬಸ್ಸು’ ಮಾಡುವ ನಮಗೆ ‘ನಾಖ್ಟ್’ ಸಹ ‘ನಾಖ್ಟು’ ಆಗುತ್ತದೆ. ನಿಧಾನದ ಹಾಡಿನಲ್ಲಿ ಆ ಉಕಾರ ಹಾಲಿನ ಹಿಂದಿನ ಸಾಲಿಗೂ ಕೇಳುತ್ತದೆ. ಪಮೀನಾಳ ಏರಿಯಾ ‘ಆಖ್, ಇಶ್’ ಎಂದೇ ಶುರು. ಎರಡರ ಕೊನೆಯನ್ನೂ ಬರೆಯುವುದು ಒಂದೇ ಅಕ್ಷರಗಳಲ್ಲಿ (ch), ಉಚ್ಚಾರ ಎರಡು: ಮೊದಲನೆಯದು ಗಂಟಲಿನದು, ಎರಡನೆಯದು ನಮ್ಮ ‘ಶ’ಕ್ಕೆ ಹತ್ತಿರ, ಆದರೆ ಪೂರ್ತಿ ‘ಶ’ ಅಲ್ಲ. ಅದರ ಬೆನ್ನಿಗೇ ‘ಫ್ಯೂಲ್ಸ್’: ತುಟಿ ‘ಊ’ಗೆ, ನಾಲಿಗೆ ‘ಈ’ಗೆ. ಹಾಡನ್ನಾದರೂ ತಿದ್ದಿಕೊಳ್ಳಬಹುದು. ‘ಮ್ಯಾಜಿಕ್ ಫ್ಲೂಟ್’ನಲ್ಲೂ, ಬಹುಪಾಲು ಆಪೆರೆಟ್ಟಾಗಳಲ್ಲೂ (ಹಗುರ ಧಾಟಿಯ ಒಪೆರಾ) ಹಾಡುಗಳ ನಡುವೆ ಬರಿಯ ಮಾತು ಬರುತ್ತದೆ, ವಿದೇಶಿಯರು ಪಾತ್ರ ಕಳೆದುಕೊಳ್ಳುವುದು ಹೆಚ್ಚಾಗಿ ಅಲ್ಲಿ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಭಾಷೆಯ ಬಿ1 ಹಂತ ಮುಗಿಸಿ ಹೊರಟರೆ ತಾಲೀಮಿಗೆ ಹೇಗೋ ಸಾಕು. ವೇದಿಕೆಯ ಮಾತಿಗೆ ಬೇರೆ ಉಚ್ಚಾರ ಶಿಕ್ಷಕರೇ ಬೇಕು.

ಕನಿಷ್ಠ ಸಂಬಳ 2022ರ ಬೇಸಿಗೆಯವರೆಗೆ ತಿಂಗಳಿಗೆ 2,000 ಯೂರೋ ಇತ್ತು. 2023ರ ಜನವರಿಯಿಂದ 2,715, ಆಮೇಲೂ ಏರಿದೆ. ಒಂಟಿಯಾಗಿರುವವರಿಗೆ ತೆರಿಗೆ, ವಿಮೆ ಕಳೆದು ಮೂರನೇ ಎರಡು ಭಾಗ ಕೈಗೆ ಸಿಗುತ್ತದೆ ಅಂದುಕೊಳ್ಳಿ. ಅಲ್ಲಿ ವಾಸವಿಲ್ಲದೆ ಅತಿಥಿಯಾಗಿ ಹೋಗಿ ಹಾಡಿದರೆ ಸಂಭಾವನೆಯಲ್ಲಿ ಶೇ 15, ಅದರ ಮೇಲೆ ಸಣ್ಣ ಸರ್ಚಾರ್ಜ್ ಸೇರಿ ಶೇ 15.825 ಮೊದಲೇ ಹಿಡಿಯುತ್ತಾರೆ. ಒಂದು ಪ್ರದರ್ಶನಕ್ಕೆ 250 ಯೂರೋ ಮೀರದಿದ್ದರೆ ಇಲ್ಲ.

ಕೊರಿಯಾ, ಜಪಾನ್, ಅಮೆರಿಕದವರು ವೀಸಾ ಇಲ್ಲದೆ ಇಳಿದು ಅಲ್ಲೇ ಪರ್ಮಿಟ್‌ಗೆ ಅರ್ಜಿ ಹಾಕಬಹುದು. ನಮ್ಮ ಪಾಸ್‌ಪೋರ್ಟಿಗೆ ಆ ಸೌಕರ್ಯವಿಲ್ಲ. 90 ದಿನದ ಷೆಂಗೆನ್ ವೀಸಾದಲ್ಲಿ ಹೋಗಿ ಆಯ್ಕೆಯಾದರೂ ಸಾಮಾನ್ಯವಾಗಿ ವಾಪಸ್ ಬಂದು ಕೆಲಸದ ವೀಸಾ ಪಡೆದೇ ಹೋಗಬೇಕು. ಪರ್ಮಿಟ್ ಬಂದ ಮೇಲೆ ಅದರಲ್ಲಿ ಯಾವ ಕೆಲಸಕ್ಕೆ ಅನುಮತಿ ಎಂಬ ಸಾಲನ್ನು ಎರಡು ಸಲ ಓದಿ. ಒಂದೇ ಥಿಯೇಟರಿನ ಹೆಸರಿದ್ದರೆ ‘ಮುಗ್ಗೆ’ ಹಾಡುವಂತಿಲ್ಲ. ಮುಗ್ಗೆ ಎಂದರೆ ಸಂಗೀತಗಾರರ ಬಾಯಲ್ಲಿ ಬಿಡಿ ಕಚೇರಿ: ಡಿಸೆಂಬರಿನಲ್ಲಿ ಚರ್ಚುಗಳಲ್ಲಿ ಬಾಖ್‌ನ ಸಂಗೀತ, ಹೊಸ ವರ್ಷದ ಆಪೆರೆಟ್ಟಾ ಗಾಲಾ, ಮದುವೆಮನೆ. ಸ್ವತಂತ್ರ ಕೆಲಸದ ಅನುಮತಿಯನ್ನು ವಿದೇಶಿಯರ ಕಚೇರಿಯಿಂದಲೂ, ಹೊರಗಿನ ಕೆಲಸದ ಒಪ್ಪಿಗೆಯನ್ನು ಥಿಯೇಟರಿನಿಂದಲೂ ಮೊದಲೇ ಪಡೆಯಬೇಕು.

15 ವರ್ಷ ಒಂದೇ ಒಪೆರಾ ಮನೆಯಲ್ಲಿ ಕಳೆದವರನ್ನು ತೆಗೆಯುವುದು ಹೆಚ್ಚುಕಡಿಮೆ ಆಗದ ಮಾತು, ಅದಕ್ಕೇ ಆ 15 ವರ್ಷದ ಹೊಸ್ತಿಲಲ್ಲೇ ‘ಬೇಡ’ ಎಂಬ ಪತ್ರ ಬರುವುದುಂಟು. ಮುಖ್ಯಸ್ಥರು ಬದಲಾದ ವರ್ಷವೂ ಹಾಗೆಯೇ.

ಕೆಲಸವಿಲ್ಲದ ತಿಂಗಳುಗಳಲ್ಲಿ ಕೈಹಿಡಿಯುವುದು ‘ಐನ್‌ಷ್ಪ್ರಿಂಗೆನ್’, ಕಾಯಿಲೆ ಬಿದ್ದವರ ಬದಲಿಗೆ ಧುಮುಕುವುದು. ಬೆಳಿಗ್ಗೆ ಒಂಬತ್ತಕ್ಕೆ ಫೋನ್, ಸಂಜೆ ಏಳೂವರೆಗೆ ಪ್ರದರ್ಶನ. ಬಾಯಿಪಾಠವಿರುವ ಮೂರು ಪಾತ್ರ ಸದಾ ಬಿಸಿಯಾಗಿರಲಿ. ಫೋನಿನಲ್ಲೇ ಕೇಳಬೇಕಾದ್ದು ಎರಡು: ಯಾವ ಭಾಷೆಯಲ್ಲಿ, ಎಲ್ಲೆಲ್ಲಿ ಕತ್ತರಿಸಿದ್ದಾರೆ. ಚಲನೆ ಕಲಿಯಲು ಸಮಯವಿಲ್ಲದಿದ್ದರೆ ಸಹಾಯಕ ನಿರ್ದೇಶಕಿ ವೇಷ ತೊಟ್ಟು ಬರೀ ಬಾಯಾಡಿಸುತ್ತಾಳೆ; ಗಾಯಕಿ ವೇದಿಕೆಯ ಅಂಚಿನಲ್ಲಿ ಕಪ್ಪು ಉಡುಪಿನಲ್ಲಿ, ಸ್ಟ್ಯಾಂಡಿನ ಮೇಲೆ ಪುಸ್ತಕ ಇಟ್ಟುಕೊಂಡು ಹಾಡುತ್ತಾಳೆ.