ಹೆಡ್ ಯಾವುದು ಅಂತ ಕೊನೆಗೂ ತೀರ್ಮಾನ ಆಯ್ತು, ಪೋರ್ಟ್ ಕೆಲಸ ಶುರು

ಇಂಜಿನ್‌ನ ಬ್ಲಾಕ್ (ಸಿಲಿಂಡರ್‌ಗಳಿರುವ ಕೆಳಭಾಗ) ರೆಡಿಯಾಗಿ ಮೂರು ವಾರ ಆಯ್ತು. ಷೆವ್ರೊಲೆಯ 350 ಘನ ಇಂಚಿನ ವಿ8, ಸ್ಮಾಲ್ ಬ್ಲಾಕ್ ಅನ್ನುವ ಸರಣಿಯದು. ಬೋರ್ (ಸಿಲಿಂಡರ್ ಅಗಲ) 30 ಥೌ, ಅಂದ್ರೆ 0.030 ಇಂಚು, ದೊಡ್ಡದು ಮಾಡಿಸಿದ್ದೇನೆ, ಅಂದ್ರೆ 4.030 ಇಂಚು. ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಮೊದಲಿದ್ದ 3.48 ಇಂಚೇ. ಈಗ ಒಟ್ಟು 355 ಘನ ಇಂಚು, ಸುಮಾರು 5.8 ಲೀಟರ್. ಇಷ್ಟು ದಿನ ತಡ ಆಗಿದ್ದು ಹೆಡ್, ಅಂದ್ರೆ ಸಿಲಿಂಡರ್‌ಗಳ ಮೇಲೆ ಕೂರುವ ವಾಲ್ವ್‌ಗಳಿರುವ ಭಾಗದ ವಿಷಯಕ್ಕೆ.

ಆಸೆ ಇದ್ದದ್ದು 210 ಸಿಸಿ ಇನ್‌ಟೇಕ್ ಪೋರ್ಟ್ (ಗಾಳಿ ಒಳಹೋಗುವ ದಾರಿ) ಇರುವ ಅಲ್ಯೂಮಿನಿಯಂ ಹೆಡ್ ಮೇಲೆ. ಆದರೆ ಈ ಇಂಜಿನ್ ದಿನಾ ರಸ್ತೆಯಲ್ಲಿ ಓಡಬೇಕು, ಹೆಚ್ಚಿನ ಹೊತ್ತು 2000ದಿಂದ 4000 ಆರ್‌ಪಿಎಂ ಒಳಗೇ ಇರುತ್ತದೆ, ಎಷ್ಟು ಎಳೆದರೂ 5500 ದಾಟಿಸಲ್ಲ. ಪೋರ್ಟ್ ಅಗತ್ಯಕ್ಕಿಂತ ದೊಡ್ಡದಾದರೆ ಕಡಿಮೆ ಆರ್‌ಪಿಎಂನಲ್ಲಿ ಗಾಳಿಯ ವೇಗ ಬಿದ್ದುಹೋಗುತ್ತದೆ, ಪೆಟ್ರೋಲ್ ಹನಿಗಳು ಗಾಳಿ ಜೊತೆ ಹೋಗದೆ ಗೋಡೆಗೆ ಅಂಟಿಕೊಳ್ಳುತ್ತವೆ, ಕಾಲು ಒತ್ತಿದ ತಕ್ಷಣ ಬರಬೇಕಾದ ಎಳೆತ ಬರಲ್ಲ. ಗಾಳಿಯ ಹರಿವು ಅಳೆಯುವ ಫ್ಲೋ ಬೆಂಚ್‌ನಲ್ಲಿ 28 ಇಂಚು ನೀರಿನ ಒತ್ತಡಕ್ಕೆ ಎಷ್ಟು ಗಾಳಿ ಹರಿಯಿತು ಅನ್ನುವ ಒಂದೇ ದೊಡ್ಡ ಅಂಕಿ ನೋಡಿ ಹೆಡ್ ಆರಿಸುವುದು ನನಗೆ ಸರಿ ಅನ್ನಿಸಲಿಲ್ಲ. ವಾಲ್ವ್ ಪೂರ್ತಿ ತೆರೆದಿರುವುದು ಕ್ಷಣಮಾತ್ರ. ಅರ್ಧ ತೆರೆದಾಗ ಎಷ್ಟು ಹರಿಯುತ್ತದೆ ಅನ್ನುವುದೂ ಅಷ್ಟೇ ಮುಖ್ಯ ಅಲ್ವಾ?

ಹಾಗಾಗಿ ಷೆವ್ರೊಲೆಯದ್ದೇ ವೋರ್ಟೆಕ್ ಕಬ್ಬಿಣದ ಹೆಡ್ ತಗೊಂಡೆ, ಎರಕದ ನಂಬರ್ 062. ಪೋರ್ಟ್ ಸುಮಾರು 170 ಸಿಸಿ, ಚೇಂಬರ್ (ಪೆಟ್ರೋಲ್ ಉರಿಯುವ ಗುಳಿ) 64 ಸಿಸಿ, ಇನ್‌ಟೇಕ್ ವಾಲ್ವ್ 1.94, ಎಕ್ಸಾಸ್ಟ್ ವಾಲ್ವ್ 1.50 ಇಂಚು.

ಚೇಂಬರ್ ಚಿಕ್ಕದಿದ್ದದ್ದು ದೊಡ್ಡ ಲಾಭ. ಒಂದು ಸಿಲಿಂಡರ್ 727 ಸಿಸಿ. ಚೇಂಬರ್, ಗ್ಯಾಸ್ಕೆಟ್, ಪಿಸ್ಟನ್ ಮೇಲಿನ ವಾಲ್ವ್ ಗುಳಿ, ಡೆಕ್ ಜಾಗ (ಪಿಸ್ಟನ್‌ಗೂ ಬ್ಲಾಕ್ ಮೇಲಂಚಿಗೂ ನಡುವಿನ ಸಂದು) ಎಲ್ಲ ಸೇರಿಸಿದರೆ, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ 82.6 ಸಿಸಿ. ಕಂಪ್ರೆಷನ್, ಅಂದ್ರೆ ಪಿಸ್ಟನ್ ಕೆಳಗಿದ್ದಾಗಿನ ಒಟ್ಟು ಜಾಗ ಮೇಲೆ ಬಂದಾಗಿನದರ ಎಷ್ಟು ಪಟ್ಟು ಅನ್ನುವುದು, 9.8 ಬರುತ್ತದೆ. ನನ್ನ ಹತ್ತಿರ ಇದ್ದ ಹಳೇ 76 ಸಿಸಿ ಹೆಡ್ ಹಾಕಿದ್ದರೆ ಇದೇ ಪಿಸ್ಟನ್‌ಗೆ 8.7 ಮಾತ್ರ. ಪುಸ್ತಕದ ಅಂಕಿ ನಂಬಿ ಕೂರಲಿಲ್ಲ. ಚೇಂಬರ್ ಮೇಲೆ ಅಕ್ರಿಲಿಕ್ ತುಂಡು ಗ್ರೀಸ್ ಹಚ್ಚಿ ಕೂರಿಸಿ, ಬಣ್ಣದ ನೀರು ಬ್ಯುರೆಟ್‌ನಿಂದ ಬಿಟ್ಟು ಒಂದು ಹೆಡ್‌ನ ನಾಲ್ಕನ್ನೂ ಅಳೆದೆ. 64, 64.5, 63.5, 65. ಕೊನೆಯದು ಬಿಟ್ಟರೆ ಖುಷಿ ಆಯ್ತು.

ಇನ್ನೆರಡು ವಿಷಯ ಮೊದಲೇ ನೋಡಿಕೊಳ್ಳಬೇಕು. ಈ ಹೆಡ್‌ಗೆ ಹಳೇ ಇನ್‌ಟೇಕ್ ಮ್ಯಾನಿಫೋಲ್ಡ್ (ಕಾರ್ಬ್ಯುರೇಟರ್‌ನಿಂದ ಹೆಡ್‌ಗೆ ಗಾಳಿ ತರುವ ಭಾಗ) ಕೂರಲ್ಲ, ಬೋಲ್ಟ್ ಜಾಗಗಳೇ ಬೇರೆ. ಮತ್ತೆ ಕ್ಯಾಮ್ ಲಿಫ್ಟ್ (ಕ್ಯಾಮ್ ವಾಲ್ವ್ ತೆರೆಯುವ ದೂರ) 0.470 ಇಂಚಿನ ಆಸುಪಾಸು ಹೋದರೆ ವಾಲ್ವ್ ಸ್ಪ್ರಿಂಗ್ ಹಿಡಿದಿಡುವ ರಿಟೈನರ್ ಬಂದು ವಾಲ್ವ್ ಗೈಡ್ (ವಾಲ್ವ್ ಕಡ್ಡಿ ಜಾರುವ ಕೊಳವೆ) ಮೇಲಿನ ಸೀಲ್‌ಗೆ ತಾಗುವ ಭಯ. ಗೈಡ್ ತಲೆ ಕತ್ತರಿಸಲು ಕೊಟ್ಟಿದ್ದೇನೆ.

ಈಗ ಪೋರ್ಟ್. ಇನ್‌ಟೇಕ್ ಬಾಯಿಯನ್ನು ಗ್ಯಾಸ್ಕೆಟ್ ಅಳತೆಗೆ ಅಗಲ ಮಾಡುವುದೇ ಪೋರ್ಟಿಂಗ್ ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ನಿಜವಾದ ಅಡ್ಡಿ ಇರುವುದು ಒಳಗೆ, ವಾಲ್ವ್ ಸೀಟ್ (ವಾಲ್ವ್ ಮುಚ್ಚಿ ಕೂರುವ ಅಂಚು) ಕೆಳಗಿನ ಬೌಲ್‌ನಲ್ಲಿ. ಬೆರಳು ತೂರಿಸಿ ಸವರಿದರೆ ಗೊತ್ತಾಗುತ್ತದೆ: ಸೀಟ್ ಕತ್ತರಿಸಿದ ಟೂಲ್ ನಿಂತ ಜಾಗದಲ್ಲಿ ಉಗುರಿಗೆ ಸಿಗುವಂಥ ಒಂದು ಮೆಟ್ಟಿಲು, ಅದರ ಕೆಳಗೆ ಎರಕದ ಒರಟು ಏಣು. ಗಾಳಿ ತಿರುವು ತಗೊಂಡು ವಾಲ್ವ್ ಕಡೆ ಇಳಿಯುವ ಜಾಗವೇ ಅದು. ಗ್ರೈಂಡರ್‌ಗೆ ಮೊಟ್ಟೆ ಆಕಾರದ ಕಾರ್ಬೈಡ್ ಬರ್ (ಲೋಹ ಕೆರೆಯುವ ತುದಿ) ಹಾಕಿ ಆ ಮೆಟ್ಟಿಲು ತೆಗೆದು, ಸೀಟ್‌ನಿಂದ ಬೌಲ್‌ವರೆಗೆ ಒಂದೇ ಇಳಿಜಾರು ಬರುವ ಹಾಗೆ ಮಾಡಿದೆ. ಗೈಡ್ ಸುತ್ತಲಿನ ದಪ್ಪ ಕಬ್ಬಿಣವನ್ನು ದೋಣಿಯ ಮೂತಿಯಂತೆ ಸಣ್ಣ ಮಾಡಿದೆ.

ಒಳತಿರುವಿನಲ್ಲಿ, ಅಂದ್ರೆ ಪೋರ್ಟ್‌ನ ನೆಲ ಬಗ್ಗಿ ಸೀಟ್‌ಗೆ ಸೇರುವ ಕಡೆ, ತುಂಬಾ ಕೈ ಹಿಡಿತ ಬೇಕು. ಅಲ್ಲಿ ಚೂಪಾದ ಅಂಚನ್ನು ದುಂಡಗೆ ಮಾಡಬೇಕು ಅಷ್ಟೇ, ನೆಲ ತಗ್ಗಿಸಬಾರದು. ತಗ್ಗಿಸಿದರೆ ತಿರುವು ಇನ್ನೂ ಕಡಿದಾಗಿ ಗಾಳಿ ಗೋಡೆ ಬಿಟ್ಟು ಹಾರುತ್ತದೆ. ಇಲ್ಲಿ ಬರ್ ಮುಟ್ಟಿಸಲೇ ಇಲ್ಲ, 80 ನಂಬರ್ ಎಮರಿ ರೋಲ್‌ನಲ್ಲೇ ಮುಗಿಸಿದೆ.

ಎರಡನೇ ಪೋರ್ಟ್‌ನಲ್ಲಿ ಒಂದು ತಪ್ಪಾಯ್ತು. ಬರ್ ಜಾರಿ ಸೀಟ್ ಮೇಲೆ ಒಂದು ಗೀರು ಬಿತ್ತು. ಎದೆ ಧಸಕ್ಕಂತು. ಹೇಗೂ ಸೀಟ್ ಮೂರು ಕೋನದಲ್ಲಿ ಮತ್ತೆ ಕತ್ತರಿಸಬೇಕಿತ್ತು, ಆ ಗೀರು ಅದರಲ್ಲಿ ಹೋಗುವಷ್ಟೇ ಆಳ ಇದೆ. ಆಮೇಲಿಂದ ಹಳೇ ವಾಲ್ವ್ ಒಂದನ್ನು ಸೀಟ್ ಮೇಲೆ ಕೂರಿಸಿಕೊಂಡೇ ಬಾಯಿ ಕಡೆಯಿಂದ ಗ್ರೈಂಡರ್ ಹಿಡಿಯುತ್ತಿದ್ದೇನೆ.

ಇನ್‌ಟೇಕ್ ಗೋಡೆಗೆ ಕನ್ನಡಿ ಹೊಳಪು ಕೊಡುತ್ತಿಲ್ಲ. ನಂದು ಕಾರ್ಬ್ಯುರೇಟರ್, ಸ್ವಲ್ಪ ಒರಟು ಇದ್ದರೆ ಪೆಟ್ರೋಲ್ ಗೋಡೆಯುದ್ದಕ್ಕೂ ಹರಿಯದೆ ಗಾಳಿಗೆ ಸೇರುತ್ತದೆ. ಹೊಳಪು ಎಕ್ಸಾಸ್ಟ್ ಕಡೆಗೆ ಮಾತ್ರ, ಮಸಿ ಬೇಗ ಹಿಡಿಯಬಾರದು ಅಂತ.

ಮೊದಲ ಹೆಡ್‌ನ ನಾಲ್ಕು ಇನ್‌ಟೇಕ್ ಮುಗಿದಿವೆ. ಮತ್ತೆ ಅಳೆದಾಗ ಪೋರ್ಟ್ 174 ಸಿಸಿ ಬಂತು, ಹೆಚ್ಚಾದದ್ದು ಬರೀ 4. ಮುಂದಿನ ವಾರ ಎರಡನೇ ಹೆಡ್. ಆಮೇಲೆ ಮ್ಯಾನಿಫೋಲ್ಡ್ ಬಾಯಿ ಹೊಂದಿಸಬೇಕು, ಅದನ್ನು ಹೆಡ್ ಬಾಯಿಗಿಂತ ಕೂದಲೆಳೆ ಚಿಕ್ಕದಾಗಿಯೇ ಬಿಡುತ್ತೇನೆ, ದೊಡ್ಡದಾದರೆ ಗಾಳಿ ನೇರ ಹೆಡ್ ಅಂಚಿಗೆ ಡಿಕ್ಕಿ ಹೊಡೆಯುತ್ತದೆ.