ಹದಿನೆಂಟೋ, ಇಪ್ಪತ್ತೊಂದೋ

ಅಮೆರಿಕದ ಬಂದೂಕು ಪರವಾನಗಿಯ ತೀರ್ಪುಗಳನ್ನು ಓದುತ್ತಿದ್ದೇನೆ, ಮನಸ್ಸು ಅಲ್ಲಿಂದ ಕದಲುತ್ತಿಲ್ಲ. ಮಿನೆಸೋಟ ರಾಜ್ಯದಲ್ಲಿ ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಇಟ್ಟುಕೊಂಡು ಓಡಾಡುವ ಪರವಾನಗಿಗೆ 21 ವರ್ಷ ತುಂಬಿರಬೇಕಿತ್ತು. 2024ರ ಜುಲೈನಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಅದನ್ನು ಅಸಾಂವಿಧಾನಿಕ ಎಂದಿತು. ಮರುವರ್ಷ ರಾಜ್ಯದ ಅರ್ಜಿಯನ್ನು ಸುಪ್ರೀಂ ಕೋರ್ಟ್ ವಿಚಾರಣೆಗೆ ತೆಗೆದುಕೊಳ್ಳಲೇ ಇಲ್ಲ.

ಇದರ ಬೇರು ಅದೇ ಸುಪ್ರೀಂ ಕೋರ್ಟ್ 2022ರಲ್ಲಿ ಕೊಟ್ಟ ಬ್ರುಯೆನ್ ತೀರ್ಪಿನಲ್ಲಿದೆ. ಬಂದೂಕಿನ ಮೇಲಿನ ನಿರ್ಬಂಧ ಉಳಿಯಬೇಕಾದರೆ ಅದು ದೇಶದ ಐತಿಹಾಸಿಕ ಪರಂಪರೆಗೆ ಹೊಂದಬೇಕು ಎಂದಿತು ಆ ತೀರ್ಪು. ಹಾಗಾಗಿ ಇಂದಿನ ಹುಡುಗ ಹುಡುಗಿಯರ ಹಕ್ಕನ್ನು ಅಳೆಯಲು ನ್ಯಾಯಾಧೀಶರು ಸಂವಿಧಾನ ಬರೆದ ಕಾಲದ, ಅಂದರೆ 18ನೇ ಶತಮಾನದ, ಕಾನೂನುಗಳನ್ನು ಕೆದಕುತ್ತಿದ್ದಾರೆ. ವಿಚಿತ್ರವೆಂದರೆ ಅದೇ ಇತಿಹಾಸ ಬೇರೆ ಉತ್ತರವನ್ನೂ ಕೊಡುತ್ತದೆ! ಪಾರ್ಕ್‌ಲ್ಯಾಂಡ್ ಶಾಲೆಯ ಹತ್ಯಾಕಾಂಡದ ನಂತರ, 2018ರಲ್ಲಿ, ಫ್ಲಾರಿಡಾ ಬಂದೂಕು ಖರೀದಿಯ ವಯಸ್ಸನ್ನು 21ಕ್ಕೆ ಏರಿಸಿತ್ತು. 2025ರ ಮಾರ್ಚ್‌ನಲ್ಲಿ ಇನ್ನೊಂದು ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 18ನೇ ಶತಮಾನದಲ್ಲಿ 21 ತುಂಬದವರು ಅಪ್ರಾಪ್ತರೇ ಆಗಿದ್ದರು ಎಂಬುದು ಅದರ ಮುಖ್ಯ ಆಧಾರ.

ಹದಿನೆಂಟಕ್ಕೆ ಮತ ಹಾಕಬಹುದು, ಸೇನೆ ಸೇರಬಹುದು, ಪಿಸ್ತೂಲು ಮಾತ್ರ ಏಕೆ ಬೇಡ ಎಂಬ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಸೇನೆಯಲ್ಲಿ ತರಬೇತಿ ಇದೆ, ಶಿಸ್ತು ಇದೆ, ತಲೆಯ ಮೇಲೆ ಅಧಿಕಾರಿ ಇದ್ದಾನೆ. ಜನಜಂಗುಳಿಯಲ್ಲಿ ಒಬ್ಬನೇ ನಿಂತವನಿಗೆ ಸಿಟ್ಟು ನೆತ್ತಿಗೇರಿದರೆ ತಡೆಯುವವರು ಯಾರು? ನನ್ನ ಒಲವು 21ರ ಕಡೆಗೇ. ಮಿನೆಸೋಟದಲ್ಲಿ ತರಬೇತಿ ಮತ್ತು ಹಿನ್ನೆಲೆ ಪರಿಶೀಲನೆಯ ಷರತ್ತುಗಳು ಉಳಿದಿವೆ. ವಯಸ್ಸಿನ ಗೆರೆ 18ಕ್ಕೆ ಇಳಿದ ಮೇಲೆ ಅವನ್ನು ಇನ್ನಷ್ಟು ಬಿಗಿ ಮಾಡಲೇಬೇಕು.